ಚಳಿಗಾಲದ ರಸ್ತೆಗೆ ಪಿಕಪ್ ಟ್ರಕ್ಕಿನ ಆಲ್-ಟೆರೇನ್ ಟೈರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ನೆಲೆಸಿ, ಮೊದಲ ಬಾರಿಗೆ ಪಿಕಪ್ ಕೊಂಡ ಕನ್ನಡಿಗರು ಅಕ್ಟೋಬರ್ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆಯಲಾಗಿದೆ. ಹೇಳಿರುವುದೆಲ್ಲ ಎಫ್-150, ರ‍್ಯಾಮ್ 1500, ಸಿಲ್ವರಾಡೊ, ಟಕೋಮಾದಂಥ ವಾಹನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸರಕು ಸಾಗಿಸುವ ದೊಡ್ಡ ಲಾರಿಗಳ ಟೈರಿನ ಲೆಕ್ಕವೇ ಬೇರೆ. ಆಲ್-ಟೆರೇನ್ ಎಂದರೆ ಡಾಂಬರು, ಜಲ್ಲಿ, ಮಣ್ಣು ಎಲ್ಲಕ್ಕೂ ಒಗ್ಗುವಂತೆ ಮಾಡಿದ ಟೈರು.

ಆಲ್-ಟೆರೇನ್ ಟೈರು ಹಾಕಿಸಿದ ಮೇಲೆ ಚಳಿಗಾಲಕ್ಕೆಂದು ಬೇರೆ ಟೈರು ಬೇಕೇ?

ನಿಮ್ಮ ದಾರಿಯಲ್ಲಿ ಹೆಚ್ಚಾಗಿ ಸಿಗುವುದು ಹಿಮವೋ ಮಂಜುಗಡ್ಡೆಯೋ ಎಂಬುದರ ಮೇಲೆ ಉತ್ತರ ನಿಂತಿದೆ. ಹೊಸದಾಗಿ ಬಿದ್ದ ಹಿಮದಲ್ಲಿ, ಇನ್ನೂ ಗುಡಿಸದ ಹಳ್ಳಿ ರಸ್ತೆಯಲ್ಲಿ, ಮನೆಯ ಮುಂದಿನ ಏರಿನಲ್ಲಿ ಒಳ್ಳೆಯ ಆಲ್-ಟೆರೇನ್ ಟೈರು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸಿಗ್ನಲ್ ಬಳಿ ನಿಂತು ನಿಂತು ಹೊರಡುವ ಗಾಡಿಗಳ ಚಕ್ರ ಉಜ್ಜಿ ಗಾಜಿನಂತೆ ನುಣುಪಾದ ಮಂಜುಗಡ್ಡೆಯ ಮೇಲೆ ಅದೇ ಟೈರು, ಚಳಿಗಾಲಕ್ಕಾಗಿಯೇ ಮಾಡಿದ ಮೆತ್ತನೆ ರಬ್ಬರಿನ ಟೈರಿನ ಹತ್ತಿರಕ್ಕೂ ಬರುವುದಿಲ್ಲ. ಕ್ಯಾಲ್ಗರಿಯಂಥ ಊರನ್ನೇ ನೋಡಿ. ಅಲ್ಲಿ ಶಿನೂಕ್ ಎಂಬ ಬೆಚ್ಚನೆಯ ಗಾಳಿ ಬೀಸಿದರೆ ಉಷ್ಣಾಂಶ ದಿನದೊಳಗೆ ಸೊನ್ನೆಯ ಮೇಲಕ್ಕೆ ಏರಿ ಹಿಮವೆಲ್ಲ ಕರಗುತ್ತದೆ, ಮತ್ತೆ ರಾತ್ರಿಯ ಚಳಿಗೆ ಆ ನೀರೆಲ್ಲ ರಸ್ತೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ಅಂಥ ಊರಿನಲ್ಲಿ ದಿನವೂ ಬೆಳಿಗ್ಗೆ ಕಚೇರಿಗೆ ಹೋಗಲೇಬೇಕಾದವರು ಚಳಿಗಾಲದ ಟೈರಿನ ಪ್ರತ್ಯೇಕ ಸೆಟ್ ಇಟ್ಟುಕೊಳ್ಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ವಾರಕ್ಕೊಮ್ಮೆ ಹೊರಡುವವರು, ಹಿಮ ಗುಡಿಸುವ ಯಂತ್ರ ಬಂದು ಹೋಗುವವರೆಗೆ ಮನೆಯಲ್ಲೇ ಇರಬಲ್ಲವರು, ಸರಿಯಾದ ಗುರುತು ಇರುವ ಆಲ್-ಟೆರೇನ್ ಟೈರಿನಲ್ಲೇ ವರ್ಷಪೂರ್ತಿ ನಿಭಾಯಿಸಬಹುದು.

ಟೈರಿನ ಮೈ ಒರಟಾದಷ್ಟೂ ಹಿಡಿತ ಹೆಚ್ಚಲ್ಲವೇ?

ಮಳೆಗಾಲದ ಮಲೆನಾಡಿನಲ್ಲಿ ಜೀಪು ಓಡಿಸಿದವರಿಗೆ ಹಾಗನ್ನಿಸುವುದು ಸಹಜ. ಕಾಫಿ ತೋಟದ ಕೆಸರಿನಲ್ಲಿ ದಪ್ಪ ದಪ್ಪ ರಬ್ಬರ್ ಕಟ್ಟೆಗಳೂ ಅವುಗಳ ನಡುವೆ ಅಗಲವಾದ ಸಂದುಗಳೂ ಇರುವ ಟೈರೇ ಗೆಲ್ಲುತ್ತದೆ, ಏಕೆಂದರೆ ಕಟ್ಟೆಗಳು ಮಣ್ಣನ್ನು ಅಗೆದು ಕೆಳಗಿನ ಗಟ್ಟಿ ನೆಲವನ್ನು ಹುಡುಕುತ್ತವೆ, ಸಂದುಗಳು ಕೆಸರನ್ನು ಹೊರಕ್ಕೆ ಎಸೆಯುತ್ತವೆ. ಮಂಜುಗಡ್ಡೆಯಲ್ಲಿ ಅಗೆಯುವುದಕ್ಕೆ ಏನೂ ಇಲ್ಲ. ಅಲ್ಲಿ ಬೇಕಾದದ್ದು ನೆಲಕ್ಕೆ ತಾಗುವ ರಬ್ಬರಿನ ವಿಸ್ತಾರ, ಆ ರಬ್ಬರಿನ ಮೆದುತನ, ಮತ್ತು ಸೈಪ್ ಎಂದು ಕರೆಯುವ, ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು. ಚಕ್ರ ಉರುಳಿದಾಗ ಈ ಸೀಳುಗಳು ಬಾಯಿ ತೆರೆದು ನೂರಾರು ಸಣ್ಣ ಅಂಚುಗಳಾಗಿ ನೆಲವನ್ನು ಕಚ್ಚುತ್ತವೆ.

ಹಿಮದ ವಿಷಯ ಇನ್ನೊಂದು ಬಗೆ. ಹಿಮವನ್ನು ಅತ್ಯಂತ ಚೆನ್ನಾಗಿ ಹಿಡಿಯುವುದು ಹಿಮವೇ. ಆದ್ದರಿಂದ ಚಳಿಗಾಲದ ಟ್ರೆಡ್, ಅಂದರೆ ಟೈರು ನೆಲಕ್ಕೆ ತಾಗುವ ಮೈ, ಹಿಮವನ್ನು ಪೂರ್ತಿ ಉದುರಿಸಿಬಿಡುವ ಬದಲು ತನ್ನ ಸಂದುಗಳಲ್ಲಿ ಸ್ವಲ್ಪ ಒತ್ತಿ ಹಿಡಿದಿಟ್ಟುಕೊಂಡು, ರಸ್ತೆಯ ಮೇಲಿನ ಹಿಮಕ್ಕೆ ಅದನ್ನು ಅಂಟಿಸುತ್ತಾ ಸಾಗುತ್ತದೆ. ಕೆಸರಿಗಾಗಿಯೇ ಮಾಡಿದ ಮಡ್-ಟೆರೇನ್ ಟೈರುಗಳಲ್ಲಿ ಕಟ್ಟೆಗಳು ದೊಡ್ಡವು, ಸೀಳುಗಳು ಕಡಿಮೆ. ನೋಡಲು ಗಂಡೆದೆಯಂತಿದ್ದರೂ ಹೆದ್ದಾರಿಯ ಮಂಜುಗಡ್ಡೆಯ ಮೇಲೆ ಅವು ಎಲ್ಲಕ್ಕಿಂತ ಕಳಪೆ ಆಯ್ಕೆ.

ಟೈರಿನ ಪಕ್ಕದಲ್ಲಿ ‘ಎಂ+ಎಸ್’ ಎಂದು ಬರೆದಿದೆ. ಅಷ್ಟು ಸಾಲದೇ?

ಸಾಲದು. ‘ಮಡ್ ಅಂಡ್ ಸ್ನೋ’ ಎಂಬುದರ ಈ ಸಂಕ್ಷೇಪವನ್ನು ಟ್ರೆಡ್ಡಿನ ಆಕಾರ ನೋಡಿ ಕೊಡಲಾಗುತ್ತದೆ: ಸಂದುಗಳು ಇಂತಿಷ್ಟು ಜಾಗ ಇರಬೇಕು, ಅಂಚಿನಿಂದ ಒಳಕ್ಕೆ ಇಂತಿಷ್ಟು ಸಾಗಿರಬೇಕು ಎಂಬಂಥ ಲೆಕ್ಕ ಅದು. ಹಿಮದ ಮೇಲೆ ಓಡಿಸಿ ಪರೀಕ್ಷಿಸಬೇಕೆಂಬ ಕಟ್ಟಳೆ ಉತ್ತರ ಅಮೆರಿಕದಲ್ಲಿ ಅದಕ್ಕಿಲ್ಲ, ತಯಾರಕರೇ ಬರೆದುಕೊಳ್ಳುತ್ತಾರೆ. ಬೇಸಿಗೆಯ ಬಿಸಿಗೆ ಹೊಂದಿಸಿದ ಗಟ್ಟಿ ರಬ್ಬರಿನ ಆಲ್-ಸೀಸನ್ ಟೈರಿನ ಮೇಲೂ ಅದು ಇರುತ್ತದೆ.

ನೀವು ಹುಡುಕಬೇಕಾದದ್ದು ಮೂರು ಶಿಖರಗಳ ಪರ್ವತ, ಅದರೊಳಗೆ ಒಂದು ಹಿಮಹರಳು ಇರುವ ಚಿಹ್ನೆ. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಟೈರು ಉದ್ಯಮ ಸಂಘಟನೆಗಳು ಒಪ್ಪಿ ಜಾರಿಗೆ ತಂದ ಈ ಗುರುತಿಗೆ ಪರೀಕ್ಷೆಯೊಂದರ ಬೆಂಬಲವಿದೆ. ಮಧ್ಯಮ ಗಟ್ಟಿತನಕ್ಕೆ ಒತ್ತಿದ ಹಿಮದ ಮೇಲೆ ಟೈರನ್ನು ತಿರುಗಿಸಿ, ಅದು ಮುನ್ನುಗ್ಗುವ ಬಲವನ್ನು ಮಾನದಂಡದ ಟೈರೊಂದರ ಬಲದೊಂದಿಗೆ ಹೋಲಿಸುತ್ತಾರೆ; ಮಾನದಂಡಕ್ಕೆ 100 ಅಂಕವಾದರೆ ಗುರುತು ಬೇಕಾದ ಟೈರು ಕನಿಷ್ಠ 110 ಪಡೆಯಬೇಕು ಎಂಬುದು ಮೂಲ ನಿಯಮ.

ಹಿಮಹರಳಿನ ಚಿಹ್ನೆ ಇದ್ದರೆ ನಿಶ್ಚಿಂತೆಯಿಂದ ಇರಬಹುದೇ?

ಆ ಪರೀಕ್ಷೆ ಏನನ್ನು ಅಳೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದು ಹಿಮದ ಮೇಲೆ ಮುಂದಕ್ಕೆ ಹೊರಡುವ ಶಕ್ತಿಯನ್ನು ಮಾತ್ರ ಅಳೆಯುತ್ತದೆ. ಬ್ರೇಕ್ ಹಾಕಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಎಷ್ಟು ಹಿಡಿಯುತ್ತದೆ, ಮಂಜುಗಡ್ಡೆಯ ಮೇಲೆ ಏನಾಗುತ್ತದೆ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಪರೀಕ್ಷೆ ನಡೆಯುವುದು ಹೊಚ್ಚ ಹೊಸ ಟೈರಿನ ಮೇಲೆ. ಹೀಗಾಗಿ ಚಿಹ್ನೆ ಇರುವ ಆಲ್-ಟೆರೇನ್ ಟೈರಿಗೂ ಅದೇ ಚಿಹ್ನೆ ಇರುವ ಅಪ್ಪಟ ಚಳಿಗಾಲದ ಟೈರಿಗೂ ನಡುವೆ ಬಹಳ ಅಂತರ ಉಳಿದೇ ಇರುತ್ತದೆ. ಚಿಹ್ನೆಯನ್ನು ತೇರ್ಗಡೆಯ ಕನಿಷ್ಠ ಅಂಕವೆಂದು ತಿಳಿಯಿರಿ, ರ‍್ಯಾಂಕ್ ಎಂದಲ್ಲ.

ಇನ್ನೊಂದು ಎಚ್ಚರಿಕೆ: ಕೆಲವು ಮಾದರಿಗಳಲ್ಲಿ ಈ ಚಿಹ್ನೆ ಎಲ್ಲ ಅಳತೆಗಳಿಗೂ ಇರುವುದಿಲ್ಲ. ಜಾಹೀರಾತಿನಲ್ಲಿ ಕಂಡದ್ದನ್ನು ನಂಬಿ ಹಣ ಕಟ್ಟುವ ಮೊದಲು, ನಿಮ್ಮ ಗಾಡಿಗೆ ಹಾಕಲಿರುವ ಅದೇ ಟೈರಿನ ಪಕ್ಕವನ್ನು ಕಣ್ಣಾರೆ ನೋಡಿ.

7 ಡಿಗ್ರಿ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದೇನು?

ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬೇಸಿಗೆಯ ರಬ್ಬರ್ ಬಿರುಸಾಗತೊಡಗುತ್ತದೆ, ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಬಾಗಿ ಕೂರುವ ಗುಣವನ್ನು ಕಳೆದುಕೊಳ್ಳುತ್ತದೆ. ಅದು ಗೆರೆ ಕೊರೆದಂಥ ಗಡಿಯಲ್ಲ, ಅಂದಾಜು. ಆಲ್-ಟೆರೇನ್ ಟೈರಿನ ಕಷ್ಟವೇನೆಂದರೆ, ಚೂಪುಕಲ್ಲುಗಳಿಗೆ ರಬ್ಬರ್ ಚೂರುಚೂರಾಗಿ ಕಿತ್ತು ಬರಬಾರದೆಂದು ಅದನ್ನು ಗಟ್ಟಿಯಾಗಿಯೇ ಮಾಡಿರುತ್ತಾರೆ, ಮಂಜುಗಡ್ಡೆಗೆ ಬೇಕಾದದ್ದು ಅದರ ತದ್ವಿರುದ್ಧ ಗುಣ. ಮೈನಸ್ 20ರ ಬೆಳಿಗ್ಗೆ ರಾತ್ರಿಯೆಲ್ಲ ಹೊರಗೆ ನಿಂತ ಗಾಡಿಯ ಟ್ರೆಡ್ ಕಟ್ಟೆಯೊಂದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿದರೆ ಯಾವ ರಬ್ಬರ್ ಇನ್ನೂ ಬಾಗುತ್ತದೆ, ಯಾವುದು ಮರದಂತಾಗಿದೆ ಎಂಬುದು ಕೈಗೇ ತಿಳಿಯುತ್ತದೆ.

‘ಪಿ’ ಟೈರೋ ‘ಎಲ್‌ಟಿ’ ಟೈರೋ? ಅಂಗಡಿಯವರು ‘10 ಪ್ಲೈ ಹಾಕಿಸಿ’ ಎನ್ನುತ್ತಾರೆ.

ತಪ್ಪು ಆಯ್ಕೆ ಹೆಚ್ಚಾಗಿ ನಡೆಯುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಒಂದೇ ಅಳತೆಯ ಆಲ್-ಟೆರೇನ್ ಟೈರು ಎರಡು ರೂಪದಲ್ಲಿ ಸಿಗಬಹುದು. ಪಿ275/65ಆರ್18 ಎಂಬುದು ಪ್ರಯಾಣಿಕ ವಾಹನದ ವರ್ಗದ್ದು. ಅದರ ಭಾರ ಸೂಚ್ಯಂಕ ಸಾಮಾನ್ಯವಾಗಿ 116, ಅಂದರೆ ಒಂದು ಟೈರಿಗೆ 1,250 ಕಿಲೋ. ಅದನ್ನು ಪಿಕಪ್ಪಿಗೆ ಹಾಕಿದಾಗ ಆ ಸಂಖ್ಯೆಯನ್ನು 1.1ರಿಂದ ಭಾಗಿಸಿ, ಸುಮಾರು 1,136 ಕಿಲೋ ಎಂದೇ ಲೆಕ್ಕ ಹಿಡಿಯಬೇಕು. ಎಲ್‌ಟಿ275/65ಆರ್18 ಲಘು ಟ್ರಕ್ಕಿನ ವರ್ಗದ್ದು. ಭಾರ ಹೊರುವ ದರ್ಜೆ, ಅಂದರೆ ಲೋಡ್ ರೇಂಜ್, ಇ ಆಗಿರುವ ಈ ಟೈರಿನ ಪಕ್ಕದಲ್ಲಿ 123/120 ಎಂದಿರುತ್ತದೆ: ಆ್ಯಕ್ಸಲಿನ ಒಂದೊಂದು ಬದಿಗೆ ಒಂದೇ ಟೈರು ಇದ್ದಾಗ 1,550 ಕಿಲೋ, ಜೋಡಿ ಟೈರು ಇದ್ದಾಗ ತಲಾ 1,400 ಕಿಲೋ. ಆದರೆ ಅಷ್ಟು ಭಾರ ಹೊರಬೇಕಾದರೆ ಅದಕ್ಕೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಬೇಕು. ಲೋಡ್ ರೇಂಜ್ ಸಿ ಟೈರಿಗೆ ಈ ಮಿತಿ 50, ಡಿ ಟೈರಿಗೆ 65. ಅಂಗಡಿಯವರು ಹೇಳುವ 10 ಪ್ಲೈ (ಪದರ) ಈ ಇ ದರ್ಜೆಯೇ, ಅದು ಹಳೆಯ ಕಾಲದ ಬಲದ ಲೆಕ್ಕವಷ್ಟೆ; ಇ ಟೈರನ್ನು ಕತ್ತರಿಸಿ ನೋಡಿದರೆ ಒಳಗೆ ಹತ್ತು ಪದರ ಸಿಗುವುದಿಲ್ಲ.

ಈಗ ಚಳಿಗಾಲಕ್ಕೆ ಬನ್ನಿ. ಹಿಂದೆ ಟ್ರೈಲರ್ ಇಲ್ಲದೆ, ಡಬ್ಬಿಯಲ್ಲಿ ಸಾಮಾನಿಲ್ಲದೆ ಓಡುವ ಅರ್ಧ ಟನ್ನಿನ (ಎಫ್-150 ವರ್ಗದ) ಪಿಕಪ್ಪಿಗೆ ಲೋಡ್ ರೇಂಜ್ ಇ ಟೈರು ಹಾಕಿದರೆ, ಅದರ ಬಿಗಿಯಾದ ಪಕ್ಕಗಳು ಖಾಲಿ ಗಾಡಿಯ ಭಾರಕ್ಕೆ ಸಾಕಷ್ಟು ಬಾಗುವುದೇ ಇಲ್ಲ. ಟೈರು ಕಲ್ಲಿನಂತೆ ಕುಳಿತು, ಹಿಂದಿನ ಚಕ್ರಗಳು ಪ್ರತಿ ಉಬ್ಬಿಗೂ ಪುಟಿಯುತ್ತವೆ, ನಯವಾದ ಮಂಜುಗಡ್ಡೆಯಲ್ಲಿ ಅದು ನೇರವಾಗಿ ಹಿಡಿತದ ನಷ್ಟ. ತೂಕವೂ ಹೆಚ್ಚು, ಇಂಧನದ ಖರ್ಚೂ ಹೆಚ್ಚು. ಭಾರದ ಟ್ರೈಲರ್ ಎಳೆಯುವವರಿಗೆ, ಮುಂದೆ ಹಿಮ ತಳ್ಳುವ ಹಲಗೆ ಕಟ್ಟುವವರಿಗೆ, ಜಲ್ಲಿ ರಸ್ತೆಯಲ್ಲೇ ದಿನ ಕಳೆಯುವವರಿಗೆ ಎಲ್‌ಟಿ ಬೇಕೇ ಬೇಕು. ಮುಕ್ಕಾಲು ಟನ್, ಒಂದು ಟನ್ನಿನ ಗಾಡಿಗಳು ಎಲ್‌ಟಿ ಟೈರಿನೊಂದಿಗೇ ಬರುತ್ತವೆ, ಅವುಗಳಲ್ಲಿ ಕೆಳದರ್ಜೆಗೆ ಇಳಿಯುವ ಮಾತೇ ಇಲ್ಲ. ಉಳಿದವರು ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿರುವ ಪಟ್ಟಿ ಏನು ಹೇಳುತ್ತದೋ ಅದಕ್ಕೆ ಅಂಟಿಕೊಳ್ಳುವುದು ಜಾಣತನ. ಪಿ ಟೈರು ತೆಗೆದು ಎಲ್‌ಟಿ ಹಾಕಿಸಿದರೆ, ಅದೇ ಭಾರಕ್ಕೆ ಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು ಗಾಳಿ ಬೇಕಾಗುತ್ತದೆ. ಎಷ್ಟೆಂಬುದನ್ನು ಟೈರು ತಯಾರಕರ ಭಾರ-ಗಾಳಿ ಕೋಷ್ಟಕ ನೋಡಿ ಹೇಳುವಂತೆ ಅಂಗಡಿಯವರನ್ನು ಕೇಳಿ.

ಚಳಿಗಾಲಕ್ಕೆ ಅಗಲದ ಟೈರು ಒಳ್ಳೆಯದೇ?

ಸಾಮಾನ್ಯವಾಗಿ ಅಲ್ಲ. ಕಿರಿದಾದ ಟೈರು ಹಿಮದ ರಾಶಿಯನ್ನೂ ಕರಗಿದ ರೊಜ್ಜನ್ನೂ ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ. ಅಗಲದ್ದು ಅದರ ಮೇಲೆ ತೇಲುತ್ತದೆ. ಗಾಡಿಗೆ ತಯಾರಕರು ಒಪ್ಪಿರುವ ಅಳತೆಗಳಲ್ಲಿ ಕಿರಿದಾದುದನ್ನೇ ಆರಿಸಿ. 20 ಅಂಗುಲದ ರಿಮ್ಮಿನ ಗಾಡಿಗೆ ಬ್ರೇಕ್ ತಾಗದಂತೆ 18 ಅಂಗುಲದ ರಿಮ್ ಕೂರುವುದಾದರೆ, ಟೈರಿನ ಎತ್ತರದ ಪಕ್ಕಗಳು ಚಳಿಗಾಲದ ಗುಂಡಿಗಳಿಂದ ರಿಮ್ಮನ್ನೂ ಕಾಪಾಡುತ್ತವೆ, ಬೆಲೆಯೂ ತಗ್ಗುತ್ತದೆ.

ಯಾವ ಮಾದರಿಗಳನ್ನು ನೋಡಬಹುದು?

ಹಿಮಹರಳಿನ ಗುರುತಿನೊಂದಿಗೆ ಮಾರಾಟವಾಗುವ ಆಲ್-ಟೆರೇನ್ ಟೈರುಗಳಲ್ಲಿ ಬಿಎಫ್‌ಗುಡ್ರಿಚ್ ಕೆಒ2 ಮತ್ತು ಅದರ ನಂತರದ ಕೆಒ3, ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ3ಡಬ್ಲ್ಯೂ ಮತ್ತು ಎ/ಟಿ4ಡಬ್ಲ್ಯೂ, ಟೊಯೊ ಓಪನ್ ಕಂಟ್ರಿ ಎ/ಟಿ III, ಕೂಪರ್ ಡಿಸ್ಕವರರ್ ಎಟಿ3 4ಎಸ್, ಜನರಲ್ ಗ್ರ್ಯಾಬರ್ ಎ/ಟಿಎಕ್ಸ್, ನೋಕಿಯನ್ ಔಟ್‌ಪೋಸ್ಟ್ ಎಟಿ ಮುಖ್ಯವಾದವು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗೆ ಕೊನೆಯಿಲ್ಲ. ಅಂಗಡಿಯಲ್ಲಿ ಎರಡು ಟೈರುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಕಟ್ಟೆಗಳ ಮೇಲೆ ಸೀಳುಗಳು ಎಷ್ಟು ಒತ್ತಾಗಿವೆ, ಅವು ತಳದವರೆಗೆ ಹೋಗಿವೆಯೇ ಅಥವಾ ಮೇಲ್ಮೈಯಲ್ಲೇ ನಿಂತಿವೆಯೇ ಎಂದು ನಾಣ್ಯವೊಂದನ್ನು ತೂರಿಸಿ ನೋಡಿದರೆ, ಜಾಹೀರಾತು ಹೇಳದ ಸಂಗತಿ ತಿಳಿಯುತ್ತದೆ. ನಡು ಭಾಗದ ಕಟ್ಟೆಗಳು ಹತ್ತಿರ ಹತ್ತಿರ ಇರುವ, ಸೀಳು ಹೆಚ್ಚಿರುವ ಟೈರು ರಸ್ತೆಗೆ ಒಳ್ಳೆಯದು. ಭುಜದಲ್ಲಿ ಎದ್ದು ನಿಂತ ಕೊಂಬುಗಳು ಹೆಚ್ಚಾಗಿ ನೋಟಕ್ಕೆ.

ಅಪ್ಪಟ ಚಳಿಗಾಲದ ಟೈರು ಬೇಕೆನ್ನುವವರಿಗೆ ಬ್ರಿಜ್‌ಸ್ಟೋನ್ ಬ್ಲಿಝಾಕ್, ನೋಕಿಯನ್ ಹಕ್ಕಪೆಲಿಟ್ಟ ಸಾಲಿನಲ್ಲಿ ಪಿಕಪ್ ಅಳತೆಗಳು ಸಿಗುತ್ತವೆ. ಪ್ರಪಂಚದ ಮೊದಲ ಚಳಿಗಾಲದ ಟೈರನ್ನು ಫಿನ್ಲೆಂಡಿನ ಈ ನೋಕಿಯನ್ನಿನ ಪೂರ್ವಜರು 1934ರಲ್ಲಿ ಮಾಡಿದ್ದು ಕಾರಿಗಲ್ಲ, ಟ್ರಕ್ಕಿಗೆ. ಕಾರಿನ ಸರದಿ ಬಂದದ್ದು ಎರಡು ವರ್ಷಗಳ ನಂತರ.

ನನ್ನ ಗಾಡಿ ಫೋರ್-ವೀಲ್ ಡ್ರೈವ್. ಟೈರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ?

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದರಿಂದ ಗಾಡಿ ಹೊರಡುವುದು ಸುಲಭ, ನಿಲ್ಲುವುದಲ್ಲ. ಬ್ರೇಕ್ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇದೆ. ಅಲ್ಲಿ ಕೆಲಸ ಮಾಡುವುದು ರಬ್ಬರ್ ಮಾತ್ರ. ಸುಲಭವಾಗಿ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ಮೊದಲ ಬ್ರೇಕಿನವರೆಗೂ ತಿಳಿಯದೆ ಹೋಗುತ್ತದೆ. ಎರಡು ಚಕ್ರಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿಸುವುದಂತೂ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

ಊರಿನಿಂದ ಊರಿಗೆ ಬೇರೆ. ಕ್ವಿಬೆಕ್‌ನಲ್ಲಿ ನೋಂದಾಯಿತ ಲಘು ವಾಹನಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಹಿಮಹರಳಿನ ಚಿಹ್ನೆ ಇರಬೇಕು, ಬರೀ ಎಂ+ಎಸ್ ನಡೆಯುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಹೆಚ್ಚಿನ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಕೆಲವೆಡೆ ಮಾರ್ಚ್ 31ರವರೆಗೆ, ಎರಡರಲ್ಲಿ ಒಂದು ಗುರುತು ಸಾಕು, ಆದರೆ ಟ್ರೆಡ್ ಕನಿಷ್ಠ 3.5 ಮಿ.ಮೀ. ಉಳಿದಿರಬೇಕು. ಆಲ್ಬರ್ಟಾದಲ್ಲಿ ಪ್ರಾಂತವ್ಯಾಪಿ ಕಡ್ಡಾಯವಿಲ್ಲದಿದ್ದರೂ ಬ್ಯಾನ್ಫ್-ಜ್ಯಾಸ್ಪರ್ ನಡುವಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇಯಲ್ಲಿ ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ ನಿಯಮವಿದೆ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ಚಳಿಗಾಲದ ಟೈರು ಹಾಕಿಸಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕು. ನಿಮ್ಮ ಆಲ್-ಟೆರೇನ್ ಟೈರು ಅದಕ್ಕೆ ಸಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕೊಲರಾಡೊದ ಐ-70ರಲ್ಲಿ ಡಾಟ್ಸೆರೊದಿಂದ ಮಾರಿಸನ್‌ವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಹಿಡಿತದ ನಿಯಮ ಜಾರಿಯಲ್ಲಿರುತ್ತದೆ: ಫೋರ್-ವೀಲ್ ಡ್ರೈವ್ ಇದ್ದರೂ ಟ್ರೆಡ್ 3/16 ಅಂಗುಲ, ಅಂದರೆ ಸುಮಾರು 4.8 ಮಿ.ಮೀ., ಇರಲೇಬೇಕು. ಕ್ಯಾಲಿಫೋರ್ನಿಯಾದ ಡಾನರ್ ಕಣಿವೆಯ ದಾರಿಯಲ್ಲಿ ಚೈನ್ (ಹಿಡಿತಕ್ಕೆಂದು ಚಕ್ರಕ್ಕೆ ಸುತ್ತುವ ಸರಪಳಿ) ನಿಯಮದ ಎರಡನೇ ಹಂತವಾದ ಆರ್2 ಫಲಕ ಹಾಕಿದಾಗ, ನಾಲ್ಕೂ ಚಕ್ರಕ್ಕೆ ಹಿಮದ ಟ್ರೆಡ್ ಇರುವ ಫೋರ್-ವೀಲ್ ಡ್ರೈವ್ ಗಾಡಿ ಚೈನ್ ಕಟ್ಟದೆ ಹೋಗಬಹುದು, ಆದರೆ ಚೈನ್ ಗಾಡಿಯಲ್ಲಿ ಇರಬೇಕು. ಆರ್3 ಎಂದರೆ ಯಾರಿಗೂ ವಿನಾಯಿತಿ ಇಲ್ಲ.

ಚೈನ್ ಕಟ್ಟಬೇಕಾಗಿ ಬಂದರೆ ಈ ಟೈರಿಗೆ ಕೂರುತ್ತದೆಯೇ?

ಕಾರ್ಖಾನೆಯ ಅಳತೆಗಿಂತ ದೊಡ್ಡ ಟೈರು ಹಾಕಿಸಿದವರಿಗೆ ಇದು ತೊಡಕು. ಟೈರು ಮತ್ತು ಸಸ್ಪೆನ್ಷನ್ ಭಾಗಗಳ ನಡುವೆ ಚೈನಿಗೆ ಜಾಗ ಉಳಿದಿದೆಯೇ, ಯಾವ ಆ್ಯಕ್ಸಲಿಗೆ ಕಟ್ಟಬೇಕು ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ, ಒಣ ದಿನವೊಂದರಲ್ಲಿ ಮನೆಯ ಮುಂದೆಯೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ.

ಮೊಳೆ ಹೊಡೆಸಿದ ಟೈರು ಹೇಗೆ?

ತೇವವಿರುವ ಮಂಜುಗಡ್ಡೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಒಣ ಡಾಂಬರಿನಲ್ಲಿ ಸದ್ದು ಹೆಚ್ಚು, ರಸ್ತೆಯೂ ಸವೆಯುತ್ತದೆ. ಗ್ರ್ಯಾಬರ್ ಎ/ಟಿಎಕ್ಸ್‌ನಂಥ ಕೆಲವು ಆಲ್-ಟೆರೇನ್ ಟೈರುಗಳಲ್ಲಿ ಮೊಳೆಗೆ ತೂತು ಬಿಟ್ಟಿರುತ್ತಾರೆ, ಆದರೆ ಹೊಡೆಸುವುದಾದರೆ ಟೈರು ಹೊಸದಿರುವಾಗಲೇ ಹೊಡೆಸಬೇಕು. ಮಿನ್ನೆಸೋಟದ ನಿವಾಸಿಗಳಿಗೂ ದಕ್ಷಿಣ ಒಂಟಾರಿಯೊದವರಿಗೂ ಸಾಮಾನ್ಯವಾಗಿ ಇದಕ್ಕೆ ಅನುಮತಿಯಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಇದೆ.

ಚಳಿಯಲ್ಲಿ ಗಾಳಿ ಎಷ್ಟು ಇರಬೇಕು?

ಬಾಗಿಲಿನ ಪಟ್ಟಿಯಲ್ಲಿರುವಷ್ಟೇ, ಆದರೆ ಅದನ್ನು ಹೊರಗಿನ ಚಳಿಯಲ್ಲಿ, ಗಾಡಿ ಓಡಿಸುವ ಮೊದಲು ಅಳೆಯಬೇಕು. ಉಷ್ಣಾಂಶ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನೊಳಗೆ ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯ ಬೆಚ್ಚನೆ ಗ್ಯಾರೇಜಿನಲ್ಲಿ 35 ತೋರಿಸಿದ ಟೈರು ಮೈನಸ್ 20ರ ರಸ್ತೆಗೆ ಬಂದು ತಣ್ಣಗಾದಾಗ 28ರ ಆಸುಪಾಸಿಗೆ ಇಳಿದಿರುತ್ತದೆ. ಹಿಡಿತಕ್ಕೆಂದು ಗಾಳಿ ಇಳಿಸುವುದು ಮರಳಿನಲ್ಲೋ ಆಳವಾದ ಹಿಮದಲ್ಲೋ ನಿಧಾನವಾಗಿ ಹೋಗುವವರ ತಂತ್ರ. ಹೆದ್ದಾರಿಯಲ್ಲಿ ಅದು ಅಪಾಯ.

ಹಿಂದಿನ ಡಬ್ಬಿಗೆ ಭಾರ ಹಾಕಬೇಕೇ?

ಖಾಲಿ ಪಿಕಪ್ಪಿನ ತೂಕ ಮುಂದಕ್ಕೆ ವಾಲಿರುತ್ತದೆ, ಆದ್ದರಿಂದ ಟೂ-ವೀಲ್ ಡ್ರೈವ್‌ನಲ್ಲಿ ಹಿಂಭಾಗ ಬೇಗ ಜಾರುತ್ತದೆ. ಮರಳಿನ ಚೀಲಗಳನ್ನು ಹಿಂದಿನ ಆ್ಯಕ್ಸಲಿನ ನೇರಕ್ಕೆ ಅಥವಾ ಸ್ವಲ್ಪ ಮುಂದಕ್ಕೆ ಇಟ್ಟು ಬಿಗಿಯಾಗಿ ಕಟ್ಟಿ. ಹಿಂಬಾಗಿಲಿಗೆ ಒತ್ತಿ ಇಟ್ಟರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಸಡಿಲವಾಗುತ್ತದೆ. ಚಕ್ರ ಹೂತು ಸಿಕ್ಕಿಕೊಂಡರೆ ಅದೇ ಮರಳನ್ನು ಕೆಳಗೆ ಚೆಲ್ಲಬಹುದು.

ಅರ್ಧ ಸವೆದ ಟೈರು ಇನ್ನೊಂದು ಚಳಿಗಾಲ ಬಾಳುತ್ತದೆಯೇ?

ಕಾನೂನಿನ ಲೆಕ್ಕದಲ್ಲಿ ಬಾಳಬಹುದು, ಹಿಮದ ಲೆಕ್ಕದಲ್ಲಿ ಅನುಮಾನ. ಟ್ರೆಡ್ 4 ಮಿ.ಮೀ.ಗೆ ಬಂದ ಟೈರನ್ನು ಹಿಮದ ರಸ್ತೆಯಲ್ಲಿ ಬಳಸಬಾರದೆಂಬುದು ಕೆನಡಾ ಸಾರಿಗೆ ಇಲಾಖೆಯ ಸಲಹೆ. ಎಷ್ಟೋ ಆಲ್-ಟೆರೇನ್ ಟೈರುಗಳಲ್ಲಿ ಸೀಳುಗಳು ಟ್ರೆಡ್ಡಿನ ಪೂರ್ತಿ ಆಳಕ್ಕೆ ಇಳಿದಿರುವುದಿಲ್ಲ. ಟೈರು ಅರ್ಧ ಸವೆಯುವ ವೇಳೆಗೆ ಅವು ಮಾಯವಾಗಿ, ನೋಡಲು ಇನ್ನೂ ಗಟ್ಟಿಮುಟ್ಟಾದ ಬೋಳು ಕಟ್ಟೆಗಳಷ್ಟೇ ಉಳಿಯುತ್ತವೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಆರಂಭವಾಗುವ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ: 3521 ಎಂದಿದ್ದರೆ ಅದು 2021ರ 35ನೇ ವಾರ ತಯಾರಾದದ್ದು. ಬಳಸಿದ ಟೈರು ಕೊಳ್ಳುವವರು ಈ ಅಂಕಿಯನ್ನು ಓದದೆ ಹಣ ಕೊಡಬಾರದು, ವಯಸ್ಸಾದ ರಬ್ಬರ್ ಆಳವಿದ್ದರೂ ಗಟ್ಟಿಯಾಗಿರುತ್ತದೆ.

ಹಿಮ ಬಿದ್ದ ಮರುದಿನ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಜೋರಾಗಿ ನಡುಗುತ್ತದೆ. ಟೈರು ಕೆಟ್ಟಿದೆಯೇ?

ಹೆಚ್ಚಾಗಿ ಅಲ್ಲ. ರಿಮ್ಮಿನ ಒಳಬದಿಯಲ್ಲಿ ಹಿಮ ತುಂಬಿಕೊಂಡು ರಾತ್ರಿ ಗಡ್ಡೆಯಾಗಿ, ಚಕ್ರದ ತೂಕ ಒಂದು ಕಡೆಗೆ ವಾಲಿರುತ್ತದೆ. ಕೈಗೆ ಸಿಕ್ಕ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಅದನ್ನು ಕೆರೆದು ತೆಗೆದು, ಮತ್ತೆ ಓಡಿಸಿ ನೋಡಿ. ಆಮೇಲೂ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ.

ಎರಡು ಸೆಟ್ ಇಟ್ಟುಕೊಳ್ಳುವುದು ದುಂದಲ್ಲವೇ?

ಮೊದಲ ವರ್ಷ ಕೈಯಿಂದ ಹಣ ಹೋಗುವುದು ನಿಜ. ಆದರೆ ಒಂದು ಸೆಟ್ ಓಡುತ್ತಿರುವಾಗ ಇನ್ನೊಂದು ಸವೆಯುವುದಿಲ್ಲ, ಆದ್ದರಿಂದ ಎರಡೂ ಹೆಚ್ಚು ವರ್ಷ ಬರುತ್ತವೆ. ಚಳಿಗಾಲದ ಟೈರನ್ನು ಪ್ರತ್ಯೇಕ ಉಕ್ಕಿನ ರಿಮ್ಮಿಗೆ ಕೂರಿಸಿಬಿಟ್ಟರೆ ಪ್ರತಿ ಸಲ ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ, ಟೈರಿನ ಅಂಚಿಗೂ ಪೆಟ್ಟಾಗುವುದಿಲ್ಲ. ಚಕ್ರ ಬದಲಿಸಿ ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಸಿ. ಬಿಚ್ಚಿದ ಸೆಟ್ಟನ್ನು ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಯಾವ ಚಕ್ರ ಎಲ್ಲಿತ್ತೆಂದು ಸೀಮೆಸುಣ್ಣದಲ್ಲಿ ಬರೆದು, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಿ. ಕುಲುಮೆ, ಬಿಸಿನೀರಿನ ಬಾಯ್ಲರ್, ವಿದ್ಯುತ್ ಮೋಟಾರುಗಳ ಪಕ್ಕ ಮಾತ್ರ ಬೇಡ.